ಸೊಂಟನೋವಿಗೆ ಅಕ್ಯುಪಂಕ್ಚರ್: ಎರಡು ವರ್ಷದ ಬಳಕೆಯ ನಂತರ

ಐದಕ್ಕೆ ಮೂರೂವರೆ ಸ್ಟಾರ್. ಹಿಡಿದುಕೊಂಡ ಸೊಂಟ ಸಡಿಲವಾಗುತ್ತದೆ; ಜರುಗಿದ ಡಿಸ್ಕ್ ಮಾತ್ರ ಸೂಜಿಯಿಂದ ಜಾಗಕ್ಕೆ ಬರುವುದಿಲ್ಲ. ಅಷ್ಟು ತಿಳಿದು ಹೋದರೆ ದುಡ್ಡು ದಂಡವಲ್ಲ.

ಸೊಂಟಕ್ಕೆ ಹಾಕುವ ಸೂಜಿಗಳಲ್ಲಿ ಹೆಚ್ಚಿನವು ಮೂತ್ರಕೋಶದ ಮೆರಿಡಿಯನ್ (ಮೈಯಲ್ಲಿ ಶಕ್ತಿ ಹರಿಯುತ್ತದೆಂದು ಚೀನೀ ವೈದ್ಯ ಹೇಳುವ ಗೆರೆ) ಮೇಲಿನವು. ಕಣ್ಣಿನ ಒಳಮೂಲೆಯಿಂದ ಹೊರಟು, ನೆತ್ತಿ ಹತ್ತಿ, ಬೆನ್ನಿನ ಇಕ್ಕೆಲದಲ್ಲೂ ಇಳಿದು ಕಾಲಿನ ಕಿರುಬೆರಳಿಗೆ ಮುಟ್ಟುವ 67 ಬಿಂದುಗಳ ದಾರಿ ಅದು. ಎಲ್ಲರಿಗೂ ಹಾಕುವುದು ಬಿಎಲ್ 23, ಅಂದರೆ ಆ ದಾರಿಯ 23ನೇ ಬಿಂದು. ಎರಡೂ ಕಡೆಯ ಸೊಂಟದ ಮೂಳೆಯ ಮೇಲಂಚನ್ನು ಗೆರೆ ಎಳೆದಂತೆ ಸೇರಿಸಿದರೆ ಬೆನ್ನುಮೂಳೆಯಲ್ಲಿ ಸುಮಾರು ಎಲ್ 4, ಅಂದರೆ ಸೊಂಟಭಾಗದ ನಾಲ್ಕನೇ ಗಂಟು, ಸಿಗುತ್ತದೆ. ಅಲ್ಲಿಂದ ಎರಡು ಗಂಟು ಮೇಲೆ ಎಲ್ 2. ಅದರ ಕೆಳಗಿನಿಂದ ಪಕ್ಕಕ್ಕೆ ಒಂದೂವರೆ ಚುನ್. ಚುನ್ ಅಂದರೆ ಇಂಚಲ್ಲ, ರೋಗಿಯದೇ ಹೆಬ್ಬೆರಳಿನ ಗೆಣ್ಣಿನ ಅಗಲ. ಚಿಕಿತ್ಸಕರು ತಮ್ಮ ದಪ್ಪ ಬೆರಳಿಟ್ಟು ಅಳೆದರೆ ಸಣಕಲು ಮೈಯವರಿಗೆ ಸೂಜಿ ಸ್ನಾಯುವಿನ ದಿಬ್ಬದಾಚೆ ಬೀಳುತ್ತದೆ. ಅಲ್ಲಿ ಹೊರಮುಖವಾಗಿ ಆಳಕ್ಕಿಳಿದರೆ ಮೂತ್ರಪಿಂಡಕ್ಕೆ ಅಪಾಯ.

ಬಿಎಲ್ 40 ಮೊಣಕಾಲಿನ ಹಿಂದಿನ ಮಡಿಕೆಯ ನಟ್ಟನಡುವೆ. ಅಡಿಯಲ್ಲೇ ದೊಡ್ಡ ನರ, ರಕ್ತನಾಳ. ಕರೆಂಟ್ ಹೊಡೆದಂತೆ ಪಾದಕ್ಕೆ ಹರಿದರೆ ಸುಮ್ಮನೆ ಹಲ್ಲು ಕಚ್ಚಬೇಡಿ, ತಕ್ಷಣ ಹೇಳಿ. ಸೂಜಿ ಸ್ವಲ್ಪ ಹಿಂದಕ್ಕೆಳೆಯಬೇಕು. ಬೇಕಾದ ಅನುಭವ ಬೇರೆ: ಭಾರ, ಮಂದ ಸೆಳೆತ, ಜೋಮು. ಚರ್ಮ ಚುರುಚುರು ಉರಿಯುತ್ತಲೇ ಇದ್ದರೆ ತೆಗೆಸಿ ಮತ್ತೆ ಹಾಕಿಸಿ.

ನೋವು ಕಾಲಿಗಿಳಿಯುವ ಸಯಾಟಿಕಾಕ್ಕೆ ಪೃಷ್ಠದ ಜಿಬಿ 30 (ಪಿತ್ತಕೋಶದ ಮೆರಿಡಿಯನ್ನಿನ 30ನೇ ಬಿಂದು). ಮಗ್ಗುಲಾಗಿ ಮಲಗಿಸಿ, ಮೇಲಿನ ಕಾಲು ಮಡಿಸಿ ಹಾಕಬೇಕು. ಬೆನ್ನಿಗೆ ಸಾಕಾಗುವ 40 ಮಿಲಿಮೀಟರ್ ಸೂಜಿ ಇಲ್ಲಿ ಕೊಬ್ಬಿನಲ್ಲೇ ನಿಲ್ಲುತ್ತದೆ, 75ರದ್ದು ಬೇಕು. ಉದ್ದ ಸೂಜಿ ಇಟ್ಟುಕೊಳ್ಳದ ಕಡೆ ಈ ಬಿಂದು ಹಾಕಿಸಿಕೊಂಡೂ ಪ್ರಯೋಜನವಿಲ್ಲ.

ಬೋರಲು ಮಲಗುವಾಗ ಹೊಟ್ಟೆಯಡಿ ದಿಂಬು ಕೇಳಿ. ಇಲ್ಲದಿದ್ದರೆ ಸೊಂಟ ಒಳಬಾಗಿ, 25 ನಿಮಿಷ ಕಳೆದು ಏಳುವಾಗ ಬಂದದ್ದಕ್ಕಿಂತ ಜಾಸ್ತಿ ನೋವು. ಖಾಲಿ ಹೊಟ್ಟೆಯಲ್ಲಿ ಹೋದರೆ ತಲೆಸುತ್ತು. ಎರಡು ಇಡ್ಲಿಯಾದರೂ ತಿಂದಿರಿ. ಸೂಜಿಯ ಪ್ಯಾಕೆಟ್ ಕಣ್ಣೆದುರೇ ಒಡೆಯಲಿ. ಹಾಕಿದ್ದೆಷ್ಟು, ತೆಗೆದದ್ದೆಷ್ಟು ಎಣಿಸಿ. ಟವೆಲ್ ಕೆಳಗೆ ಒಂದು ಉಳಿಯುವುದುಂಟು.

ಕಳೆದ ಒಂದೂವರೆ ಸ್ಟಾರ್ ಹತ್ತು ಸಿಟ್ಟಿಂಗಿನ ಮುಂಗಡ ಪ್ಯಾಕೇಜಿಗೆ, ‘ವಿಶೇಷ ಬಿಂದು’ ಎಂಬ ಹೆಚ್ಚುವರಿ ಬಿಲ್ಲಿಗೆ. 1,162 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಆರು ತಿಂಗಳಿಗೆ ಗುಣ ಕಂಡವರು ನಿಜ ಬಿಂದುಗಳಲ್ಲಿ ಶೇ. 47.6, ಬಿಂದುವಲ್ಲದ ಜಾಗಕ್ಕೆ ತೆಳುವಾಗಿ ಚುಚ್ಚಿದವರಲ್ಲೂ ಶೇ. 44.2, ಮಾಮೂಲಿ ಚಿಕಿತ್ಸೆಯಲ್ಲಿ ಶೇ. 27.4. ಸೂಜಿಗೆ ದುಡ್ಡು ಕೊಡಿ, ಬಿಂದುವಿನ ಹೆಸರಿಗೆ ಬೇಡ. ಐದಾರು ಸಿಟ್ಟಿಂಗಿಗೂ ಏನೂ ಬದಲಾಗದಿದ್ದರೆ ನಿಲ್ಲಿಸಿ.

ಪಾದ ಎತ್ತಲಾಗದಿದ್ದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಸೂಜಿಯ ಮಾತೇ ಬೇಡ, ನೇರ ಆಸ್ಪತ್ರೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ.

ಸಂಜೆಯ ಅಪಾಯಿಂಟ್‌ಮೆಂಟ್ ಬೇಡ. ಸಡಿಲವಾದ ಸೊಂಟ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕ್ಲಚ್ ತುಳಿಯುತ್ತಾ ಮತ್ತೆ ಹಿಡಿದುಕೊಳ್ಳುತ್ತದೆ. ಮೆಟ್ರೊ ಹತ್ತಿರವಿರುವ ಕ್ಲಿನಿಕ್ ನೋಡಿಕೊಂಡು ಬೆಳಗ್ಗೆ ಹೋಗಿ.