ಪಾರ್ಕಿಗೂ ಬೆಟ್ಟಕ್ಕೂ ಒಂದೇ ಜೋಡಿ: ಕೆ2 ಪೋಚರ್

ಸ್ಕೀ ಪಾರ್ಕ್ ಅಂದರೆ ಜಿಗಿಯುವ ದಿಬ್ಬಗಳೂ ರೇಲ್ ಎಂಬ ಲೋಹದ ಕಂಬಿಗಳೂ ಇರುವ ಹಿಮದ ಅಂಗಳ. ಅಲ್ಲಿ ರೇಲ್ ಮೇಲೆ ಜಾರುವವರ ಸ್ಕೀ ಮೊದಲು ಕೈಕೊಡುವುದು ಪಾದದಡಿಯ ಉಕ್ಕಿನ ಅಂಚಿನಲ್ಲಿ. ಕೆ2 ಕಂಪನಿಯ ಪೋಚರ್ ಸ್ಕೀ ಅಲ್ಲೇ ಗಟ್ಟಿ. ನಡುವಿನ ಅಗಲ 96 ಮಿ.ಮೀ., ಎರಡೂ ತುದಿ ಮೇಲಕ್ಕೆ ಬಾಗಿವೆ, ಒಳಗೆ ಮರದ ತಿರುಳು. ತೂಕ ತುಸು ಜಾಸ್ತಿಯೇ. ಗಾಳಿಯಲ್ಲಿ ತಿರುಗುವಾಗ ಅದು ಕಾಡುತ್ತದೆ, ಆದರೆ ಗಟ್ಟಿ ಹಿಮದಲ್ಲಿ ವೇಗ ಏರಿದಾಗ ಸ್ಕೀ ಅದುರದಂತೆ ಹಿಡಿಯುವುದೂ ಅದೇ. ಮೊಣಕಾಲುದ್ದದ ಪುಡಿ ಹಿಮಕ್ಕೆ ಮಾತ್ರ ಇದಲ್ಲ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನು ನಟ್ಟನಡುವೆ ಕೂರಿಸಿದರೆ ಪಾರ್ಕಿಗೆ ಸರಿ. ಬೆಟ್ಟವೂ ಬೇಕೆಂದರೆ 2–3 ಸೆಂ.ಮೀ. ಹಿಂದಕ್ಕೆ ಹಾಕಿಸಿ. ಬೂಟು ಕಳಚಿದಾಗ ಸ್ಕೀ ಜಾರಿ ಹೋಗದಂತೆ ತಡೆಯುವ ಬ್ರೇಕ್ 100 ಮಿ.ಮೀ. ಅಗಲವಿದ್ದರೆ ಸಾಕು. ರೇಲಿಗೆ ಸಿಕ್ಕಿಕೊಳ್ಳದಿರಲಿ ಎಂದು ಪಾದದಡಿಯ ಅಂಚನ್ನು ಅರದಿಂದ ಉಜ್ಜುವುದುಂಟು. ಅತಿಯಾದರೆ ಮಂಜುಗಡ್ಡೆಯ ಮೇಲೆ ಹಿಡಿತವೇ ಇರದು.

ದುಡ್ಡು ಉಳಿಸಬೇಕೇ? ಮಾರ್ಚ್–ಏಪ್ರಿಲ್‌ನಲ್ಲಿ ಆ ವರ್ಷದ ಮಾದರಿಗಳು ರಿಯಾಯಿತಿಗೆ ಬರುತ್ತವೆ. ಹೊಸ ವರ್ಷದ ಮಾದರಿಯಲ್ಲಿ ಎಷ್ಟೋ ಸಲ ಬದಲಾಗಿರುವುದು ಸ್ಕೀಯ ಮೇಲ್ಮೈಯ ಚಿತ್ರವಷ್ಟೇ. ಸೆಕೆಂಡ್‌ಹ್ಯಾಂಡ್ ಆದರೆ ಅಂಚಿನುದ್ದಕ್ಕೂ ಉಗುರು ಎಳೆದು ನೋಡಿ. ಕೂದಲೆಳೆಯ ಬಿರುಕಿದ್ದರೆ ಪರವಾಗಿಲ್ಲ. ಅಂಚು ಎದ್ದು ಬಂದಿದ್ದರೆ ನೀರು ಒಳಗಿಳಿದು ಮರ ಕೊಳೆಯುತ್ತದೆ, ಎಷ್ಟು ಅಗ್ಗವಾದರೂ ಬೇಡ. ಬೈಂಡಿಂಗಿನ ಹಳೆಯ ಸ್ಕ್ರೂ ತೂತುಗಳಿಗೂ ಹೊಸ ತೂತುಗಳಿಗೂ ಕನಿಷ್ಠ 1 ಸೆಂ.ಮೀ. ಅಂತರ ಸಿಗುತ್ತದೆಯೇ ಎಂದು ಅಳೆದೇ ಹಣ ಕೊಡಿ.