ಮೋಟೌನ್ ಮೊದಲೋ, ಸ್ಟ್ಯಾಕ್ಸ್ ಮೊದಲೋ?

ಅರವತ್ತರ ದಶಕದ ಅಮೆರಿಕನ್ ಸೋಲ್ ಸಂಗೀತ (ಚರ್ಚಿನ ಗಾಯನದ ಬೇರಿನಿಂದ ಬೆಳೆದ, ಕಪ್ಪು ಅಮೆರಿಕನ್ನರ ಜನಪ್ರಿಯ ಸಂಗೀತ) ಕೇಳಬೇಕೆನ್ನುವವರು ಸಾಮಾನ್ಯವಾಗಿ ಈ ಎರಡು ರೆಕಾರ್ಡ್ ಕಂಪನಿಗಳ ನಡುವೆ ಆರಿಸಬೇಕಾಗುತ್ತದೆ.

ಡೆಟ್ರಾಯಿಟ್‌ನಲ್ಲಿ 1959ರಲ್ಲಿ ಬೆರಿ ಗೋರ್ಡಿ ಶುರುಮಾಡಿದ ಮೋಟೌನ್‌ನದು ತಿದ್ದಿ ತೀಡಿದ ಹಾಡು. ಒಮ್ಮೆ ಕೇಳಿದರೆ ಬಾಯಲ್ಲೇ ಉಳಿಯುವ ಪಲ್ಲವಿ. ಗಾಯಕಿಯರ ತಂಡ ಸುಪ್ರೀಮ್ಸ್, ಗಾಯಕ ಮಾರ್ವಿನ್ ಗೇ ಇಲ್ಲಿಯವರು. ಜೇಮ್ಸ್ ಜಾಮರ್ಸನ್ ಅವರ ಬೇಸ್ ಗಿಟಾರನ್ನು ಮಾತ್ರ ಹೆಡ್‌ಫೋನಿನಲ್ಲೇ ಕೇಳಿ. ಹಾಡಿನೊಳಗೆ ಇನ್ನೊಂದು ಹಾಡು ಅದು.

ಮೆಂಫಿಸ್‌ನ ಸ್ಟ್ಯಾಕ್ಸ್‌ಗೆ ಹಳೇ ಚಿತ್ರಮಂದಿರವೇ ಸ್ಟುಡಿಯೋ ಆಗಿತ್ತು. ನೆಲ ಇಳಿಜಾರಾಗಿಯೇ ಉಳಿಯಿತು. ದನಿ ಒರಟು, ಟ್ರಂಪೆಟ್ ಮತ್ತು ಸ್ಯಾಕ್ಸೋಫೋನ್ ಜೋರು, ಚರ್ಚಿನ ಗಾಯನದ ಆವೇಶ ಎದ್ದು ಕಾಣುತ್ತದೆ. ವರ್ಣಭೇದವಿದ್ದ ಅಮೆರಿಕದ ದಕ್ಷಿಣದಲ್ಲಿ ಕಪ್ಪು, ಬಿಳಿ ವಾದಕರು ಒಟ್ಟಿಗೆ ಕೂತು ನುಡಿಸಿದ್ದು ಸಣ್ಣ ಮಾತಲ್ಲ.

ಕುಣಿಯಲು ಮೋಟೌನ್. ಮನಸ್ಸು ಭಾರವಾದಾಗ ಸ್ಟ್ಯಾಕ್ಸ್; ನನ್ನ ಒಲವೂ ಅತ್ತಲೇ. 26ರ ಹರೆಯದಲ್ಲೇ, 1967ರ ವಿಮಾನ ಅಪಘಾತದಲ್ಲಿ ತೀರಿಕೊಂಡ ಸ್ಟ್ಯಾಕ್ಸ್ ಗಾಯಕ ಓಟಿಸ್ ರೆಡಿಂಗ್ ಅವರಿಂದ ಶುರುಮಾಡಿ.