ದಾಂಡೇಲಿಯೋ, ಬಿಳಿಗಿರಿರಂಗನ ಬೆಟ್ಟವೋ?

ಕಲಬುರಗಿಯಿಂದ ಕಾಡು ನೋಡಲು ಹೊರಟವರು ಕೇಳಿದರೆ ನಾನು ಬಿಳಿಗಿರಿರಂಗನ ಬೆಟ್ಟ ಅಂತಲೇ ಹೇಳುತ್ತೇನೆ. ದಾಂಡೇಲಿ ನಮಗೆ ಹತ್ತಿರ, ಖರ್ಚೂ ಕಡಿಮೆ. ಆದರೂ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ್ದು ಬೆಟ್ಟದಲ್ಲೇ. ಅದಕ್ಕೆ ಕಾರಣ ಅಲ್ಲಿನ ಕಾಡಿನ ಬುಡಕಟ್ಟು ಜನ, ಸೋಲಿಗರು.

ಹಕ್ಕಿಗೆ ಮಾತ್ರ ದಾಂಡೇಲಿಗೆ ಸಾಟಿ ಇಲ್ಲ. ಕಾಳಿ ನದಿಯ ಸುತ್ತ 4 ಜಾತಿಯ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳಿವೆ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಳ್ಳುತ್ತದೆ. ಗಂಡು ಸಣ್ಣ ಸೀಳಿನಿಂದ ಹಣ್ಣು ಕೊಡುತ್ತದೆ. ಹಳೆಯ ದೊಡ್ಡ ಮರ ಹೋದರೆ ಅವುಗಳ ಸಂಸಾರವೇ ಹೋಯಿತು. ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ ಹಕ್ಕಿಗಳಿಗಾಗಿ ನೀರಿನ ತೊಟ್ಟಿ ಇಟ್ಟಿದ್ದಾರೆ, ಸುಮ್ನೆ ಕೂತರೆ ಸಾಕು, ಅವೇ ಬರುತ್ತವೆ. ನಿಜವಾದ ಮಳೆಕಾಡು ಬೇಕಂದರೂ ಅಣಶಿ ಕಡೆಗೇ ಹೋಗಬೇಕು. ಬಿಳಿಗಿರಿಯಲ್ಲಿ ಕೆಳಗೆ ಒಣ ಕಾಡು, ಮೇಲೆ ಹೋದಂತೆ ಶೋಲಾ, ಅಂದರೆ ಹುಲ್ಲುಗಾವಲ ನಡುವಿನ ಗಿಡ್ಡ ಹಸಿರು ಕಾಡು.

ದಾಂಡೇಲಿಯಲ್ಲಿ ನನಗೆ ಬೇಸರ ತಂದದ್ದು ಪ್ಯಾಕೇಜ್. 'ಸಿದ್ದಿ ಹಳ್ಳಿ ಭೇಟಿ' ಅಂತ ಅದರಲ್ಲಿ ಬರೆದಿತ್ತು. ನಾನು ದುಡ್ಡು ಕಟ್ಟಿದ್ದೇ ಆ ಒಂದು ಸಾಲಿಗೆ. ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದು, ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಬೇರೂರಿದ ಜನ ಅವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರ ಊರು ನೋಡಬೇಕು, ಮಾತಾಡಬೇಕು ಅನ್ನೋ ಆಸೆ ಇತ್ತು.

ಹಳ್ಳಿಗೆ ಯಾರೂ ಕರೆದುಕೊಂಡು ಹೋಗಲಿಲ್ಲ. ಸಂಜೆ ಬೆಂಕಿ ಹಾಕಿದರು, ಅವರನ್ನೇ ಜೀಪಿನಲ್ಲಿ ಕರೆತಂದರು. ನಾವು ಊಟ ಮಾಡುತ್ತಿದ್ದೆವು, ಅವರು ಕುಣಿಯುತ್ತಿದ್ದರು. ಒಬ್ಬಾತ ಕೇಳದೇ ಒಂದು ಹುಡುಗಿಯ ಕೂದಲು ಮುಟ್ಟಿದ. ಮುಟ್ಟಬೇಡಿ ಅಂತ ನಾನು ಗದರಿದೆ. ವ್ಯವಸ್ಥಾಪಕರು ನೋಡಿಯೂ ಸುಮ್ಮನಿದ್ದರು. ಕಲಾವಿದರಿಗೆ ಎಷ್ಟು ಕೊಡುತ್ತೀರಿ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಹಳ್ಳಿಗೆ ಯಾವಾಗ ಅಂದರೆ, 'ಅವರೇ ಇಲ್ಲಿಗೆ ಬಂದರಲ್ಲ' ಅಂದರು.

ಕುಣಿತ ಮುಗಿದ ಮೇಲೆ ಒಬ್ಬ ಅಮ್ಮನ ಹತ್ತಿರ ಹೋಗಿ ಮಾತಾಡಿದೆ. 'ಊರಿಗೇ ಬರ್ರಿ ಅಣ್ಣಾ, ಚಹಾ ಕುಡಿದು ಹೋಗ್ರಿ' ಅಂದರು. ಅಷ್ಟರಲ್ಲಿ ಜೀಪಿನವನು ಹಾರ್ನ್ ಹೊಡೆದ. ಕರೆಯುವ ಮನಸ್ಸು ಅವರಿಗಿತ್ತು, ಹೋಗುವ ಮನಸ್ಸು ನಮಗಿತ್ತು. ಅಡ್ಡ ಬಂದದ್ದು ಮಧ್ಯದವರು.

ಬೆಟ್ಟದಲ್ಲಿ ನಾನು ಪ್ಯಾಕೇಜ್ ತೆಗೆದುಕೊಳ್ಳಲಿಲ್ಲ. ಉಳಿದುಕೊಂಡಲ್ಲಿ ಕೆಲಸ ಮಾಡುವ ಸೋಲಿಗ ಹುಡುಗ ಹಿರಿಯರನ್ನು ಕೇಳಿ, ಅವರು ಹೂಂ ಅಂದ ಮೇಲೆ ತನ್ನ ಪೋಡಿಗೆ, ಅಂದರೆ ಸೋಲಿಗರ ಹಾಡಿಗೆ, ಕರೆದುಕೊಂಡು ಹೋದ. ಜಗಲಿ ಮೇಲೆ ಕೂತು ಜೇನು, ನೆಲ್ಲಿಕಾಯಿ, ಬೆಂಕಿಯ ಮಾತು ಕೇಳಿದೆ. ಹಿಂದೆ ಅವರು ಬೇಸಿಗೆ ಶುರುವಿನಲ್ಲಿ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರಂತೆ. 1974ರಲ್ಲಿ ಅಭಯಾರಣ್ಯ ಆದ ಮೇಲೆ ಅದು ನಿಂತಿತು. ಬೆಂಕಿ ನಿಂತ ಮೇಲೆ ಲಂಟಾನಾ ಅನ್ನೋ ಹೊರಗಿನ ಕಳೆ ಎದೆಮಟ್ಟ ಬೆಳೆಯಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿತು ಅನ್ನುತ್ತಾರೆ ಹಿರಿಯರು. ಮರುದಿನ ಸಫಾರಿಯಲ್ಲಿ ದಾರಿಯ ಎರಡೂ ಕಡೆ ಕಣ್ಣಿಗೆ ಬಿದ್ದದ್ದು ಅದೇ ಲಂಟಾನಾ. ಹಿಂದಿನ ದಿನ ಆ ಮಾತು ಕೇಳದಿದ್ದರೆ ಅದನ್ನು ಬರೀ ಹಸಿರು ಅಂದುಕೊಂಡು ದಾಟಿಬಿಡುತ್ತಿದ್ದೆ. 2011ರಲ್ಲಿ ಇದು ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಕಾಡಿನ ಸಮುದಾಯ ಹಕ್ಕೂ ಸಿಕ್ಕಿತು. ಹುಲಿ ಮೀಸಲಿನೊಳಗೆ ಹಾಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಪ್ರಾಣಿ? ಬೆಟ್ಟದ ಸಫಾರಿ ಹೊರಡುವ ಕೆ. ಗುಡಿಯ (ಕ್ಯಾತದೇವರ ಗುಡಿ) ಜೀಪಿನಲ್ಲಿ ಕಾಟಿ, ಕಡವೆ, ಆನೆ ಸಿಕ್ಕವು. ಹುಲಿ ಇಲ್ಲ.

ದಾರಿ ಬೆಟ್ಟಕ್ಕೆ ಜಾಸ್ತಿ. ರಾತ್ರಿ ರೈಲಿಗೆ ಬೆಂಗಳೂರು, ಅಲ್ಲಿಂದ ಮೈಸೂರು, ಆಮೇಲೆ ಯಳಂದೂರಿನ ಮೇಲೆ ಬಸ್ಸು. ಒಂದು ಇಡೀ ದಿನ ಹೋಗುತ್ತದೆ. ದಾಂಡೇಲಿಗೆ ಹುಬ್ಬಳ್ಳಿ ಬಸ್ಸು ಹತ್ತಿದರೆ ಮುಗಿಯಿತು.

ನಾನು ಸ್ಲೀಪರ್‌ನಲ್ಲಿ ಓಡಾಡುವವನು, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುವವನು. ದಾರಿಯಲ್ಲಿ ಉಳಿಸಿದ ದುಡ್ಡನ್ನು ಸಫಾರಿಗೆ ಹಾಕುತ್ತೇನೆ. ನಮ್ಮ ಮೇ ತಿಂಗಳ ಬಿಸಿಲಿನಿಂದ ತಪ್ಪಿಸಿಕೊಳ್ಳಲೂ ಬೆಟ್ಟವೇ ಸರಿ. ಒಂದು ವಾರ ರಜೆ ಇದ್ದರೆ ಅಲ್ಲಿಗೇ ಹೋಗಿ. ಎರಡು ದಿನ ಮಾತ್ರ ಸಿಕ್ಕರೆ ದಾಂಡೇಲಿ ಆಗಲಿ, ಆದರೆ ಗಣೇಶಗುಡಿಯಲ್ಲಿ ಉಳಿದುಕೊಂಡು ಹಕ್ಕಿ ನೋಡಿ. ಬೆಂಕಿ ಸುತ್ತ ಕುಣಿತ ಇರುವ ಪ್ಯಾಕೇಜ್‌ಗೆ ದುಡ್ಡು ಕಟ್ಟಬೇಡಿ.